ಅಂಚು ಕತ್ತರಿಸದ ಚಿತ್ರ

ಲುಂಡ್
ಮಾರ್ಚ್ ೧೦, ಸೋಮವಾರ

ಪ್ರೀತಿಯ ಅಮ್ಮಾ,

ಮೊಣಕಾಲಿನ ನೋವು ಈಗ ಹೇಗಿದೆ? ಮೆಟ್ಟಿಲ ಮೇಲಿನ ಹಿಮ ಸರಿಸಲು ನೀನೇ ಇಳಿಯಬೇಡ, ಪಕ್ಕದ ಮನೆಯವರನ್ನು ಕರೆ. ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ನಿನ್ನೆ ಫೋನಿನಲ್ಲಿ ಕೇಕಿನ ಮಾತಷ್ಟೇ ಆಡಿದೆ, ಉಳಿದದ್ದು ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದಿನವಿಡೀ ಕತ್ತಲೆ ಕೋಣೆಯಲ್ಲಿ ಏನು ಮಾಡುತ್ತೀ ಎಂದು ಕೇಳುತ್ತಿರುತ್ತೀಯಲ್ಲ. ಕಾರಿನ ಹೊಗೆಯಲ್ಲಿ ವಿಷಾನಿಲ ಇರುತ್ತದೆ. ಪಲ್ಲೇಡಿಯಂ ಎಂಬ ಲೋಹ ಬಿಸಿಯಾದಾಗ ಆ ಅನಿಲ ಅದರ ಮೈಮೇಲೆ ಆಮ್ಲಜನಕದೊಡನೆ ಸೇರಿ ವಿಷ ಕಳೆದುಕೊಳ್ಳುತ್ತದೆ. ಲೋಹ ಮಾತ್ರ ಹಾಗೇ ಉಳಿಯುತ್ತದೆ. ನಾವು ಗಾಜಿನ ಕಿಟಕಿಯಿರುವ ಪೆಟ್ಟಿಗೆಯಲ್ಲಿ ಆ ಲೋಹದ ಚಿಕ್ಕ ಬಿಲ್ಲೆ ಇಟ್ಟು, ಅದರ ಮೇಲೆ ಹಾಳೆಯಂತೆ ತೆಳುವಾಗಿ ಲೇಸರ್ ಬೆಳಕು ಹಾಯಿಸುತ್ತೇವೆ. ವಿಷಾನಿಲ ಇದ್ದ ಕಡೆ ಬೆಳಗುತ್ತದೆ, ತೀರಿದ ಕಡೆ ಕಪ್ಪಾಗುತ್ತದೆ. ಕಿಟಕಿಯ ಹೊರಗಿನಿಂದ ಅದರ ಚಿತ್ರ ತೆಗೆಯುತ್ತೇವೆ. ಎಷ್ಟು ನೋಡಿದರೂ ನನ್ನ ಕಣ್ಣು ತಣಿಯುವುದಿಲ್ಲ.

ಕಳೆದ ಶುಕ್ರವಾರ ಆ ಕಪ್ಪು ಮೊದಲು ಬಿಲ್ಲೆಯ ಒಂದು ಅಂಚಿನಲ್ಲಿ ಕಂಡಿತು. ನಮ್ಮ ಪ್ರೊಫೆಸರ್ ಹೊಲ್ಗರ್ ಇಷ್ಟು ವರ್ಷ ಬರೆದದ್ದೆಲ್ಲ ಅದು ಇಡೀ ಬಿಲ್ಲೆಯ ಮೇಲೆ ಒಟ್ಟಿಗೇ ಶುರುವಾಗುತ್ತದೆ ಎಂದು. ಚಿತ್ರ ನೋಡಿ ನಕ್ಕರು. "ಕಿಟಕಿ ಗಾಜು ಒರೆಸಿಲ್ಲ ನೀನು. ಬರೋ ಶುಕ್ರವಾರದ ಕೇಕ್ ನಿಂದೇ ಕಣಮ್ಮ." ಪ್ರಯೋಗದಲ್ಲಿ ಯಾರು ತಪ್ಪು ಮಾಡುತ್ತಾರೋ ಅವರು ಶುಕ್ರವಾರದ ಕಾಫಿಗೆ ಕೇಕ್ ತರುವುದು ನಮ್ಮಲ್ಲಿ ಪದ್ಧತಿ. ತಂದರೆ ತಪ್ಪು ಒಪ್ಪಿದಂತೆ, ಆಮೇಲೆ ಯಾರೂ ಆ ಮಾತೆತ್ತುವುದಿಲ್ಲ. ಹಿಂದೊಮ್ಮೆ ಅನಿಲದ ನಲ್ಲಿ ಮುಚ್ಚಲು ಮರೆತಾಗ ನಾನೂ ನಗುತ್ತಲೇ ತಂದವಳು.

ಈ ಸಲ ಗಾಜು ಒರೆಸಿದೆ. ಕಪ್ಪು ಹೋಗಲಿಲ್ಲ. ಬಿಲ್ಲೆಯನ್ನು ಅರ್ಧ ಸುತ್ತು ತಿರುಗಿಸಿಟ್ಟೆ. ಗಾಜಿನ ಕೊಳೆಯಾಗಿದ್ದರೆ ಕಪ್ಪು ಇದ್ದಲ್ಲೇ ಇರಬೇಕಿತ್ತು. ಅದು ಅಂಚಿನ ಜೊತೆಗೇ ಆಚೆ ಬದಿಗೆ ಹೋಯಿತು. ಇವತ್ತು ಅದನ್ನೂ ತೋರಿಸಿದೆ. ಹೊಲ್ಗರ್ ಬಹಳ ಹೊತ್ತು ನೋಡಿ, "ಲೇಖನಕ್ಕೆ ಅಂಚು ಬೇಡ, ಕತ್ತರಿಸಿ ಹಾಕು. ನಡುಭಾಗ ಚೆನ್ನಾಗಿದೆ" ಎಂದರು. ನನ್ನ ಜೊತೆ ಕೆಲಸ ಮಾಡುವ ಮಾಲ್ಟೆ ಬಾಗಿಲಲ್ಲೇ ನಿಂತು, "ಹೋಗ್ಲಿ ಬಿಡೇ, ಕೇಕಿಗೆ ಕೆನೆ ಜಾಸ್ತಿ ಹಾಕ್ಸು" ಎಂದ. ನಾಲ್ಕು ಜನರ ಮುಂದೆ ನನ್ನ ದನಿ ಏಳುವುದಿಲ್ಲ, ನಿನಗೆ ಗೊತ್ತು. ಆದರೂ ಹೇಳಿದೆ: "ತಪ್ಪು ಎಲ್ಲಿದೆ ತೋರಿಸಿ, ಎರಡು ಕೇಕ್ ತರ್ತೀನಿ. ಅಂಚು ಮಾತ್ರ ಕತ್ತರಿಸಲ್ಲ."

"ಹಾಗಾದ್ರೆ ಲೇಖನದಲ್ಲಿ ನಿನ್ನ ಹೆಸರೂ ಇರಲ್ಲ."

"ಬೇಡ ಬಿಡಿ. ನನ್ನ ಚಿತ್ರಾನೂ ಇರಲ್ಲ."

ಕಂಡದ್ದನ್ನು ಕಂಡಿಲ್ಲ ಎನ್ನಲು ನನ್ನಿಂದ ಆಗುವುದಿಲ್ಲ ಅಮ್ಮಾ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ
ಸಿಗ್ನೆ

ಮರೆತಿದ್ದೆ: ನಿನ್ನೆ ನೀನು "ಒಂದು ಕೇಕಿಗೆ ಯಾಕೆ ಇಷ್ಟು ರಂಪ, ನಾನೇ ಮಾಡಿ ಬಸ್ಸಿಗೆ ಹಾಕ್ತೀನಿ" ಎಂದೆಯಲ್ಲ, ಹಾಕಬೇಡ. ಶುಕ್ರವಾರ ಬರಿಗೈಯಲ್ಲಿ ಹೋಗಿ ಎಲ್ಲರ ನಡುವೆ ಕೂತು ಕಾಫಿ ಕುಡಿಯುತ್ತೇನೆ. ಆಗಲೇ ಮಾಡಿಬಿಟ್ಟಿದ್ದರೆ ಪಕ್ಕದ ಮನೆಯವರಿಗೆ ಕೊಡು. ಏನು ವಿಶೇಷ ಎಂದು ಕೇಳಿದರೆ, ನನ್ನ ಮಗಳು ತಪ್ಪು ಮಾಡಿಲ್ಲ, ಅದಕ್ಕೇ ಉಳಿದ ಕೇಕು ಎಂದು ಹೇಳು.