ಇಳಿದವಳು ಇನ್ನೂ ಹತ್ತಿಲ್ಲ

ಫಿಲಿಸೂರ್
ಆಗಸ್ಟ್ ಹದಿನಾಲ್ಕು, ಬುಧವಾರ

ನನ್ನ ಮುದ್ದು ಸೆರೈನಾ,

ಹೇಗಿದ್ದೀಯ ಮಗಳೇ? ಮೊಣಕಾಲಿನ ನೋವು ಕಡಿಮೆಯಾಯಿತೆ? ಬಾಸೆಲ್‌ನಲ್ಲಿ ಸೆಕೆ ತಡೆಯಲಾಗುತ್ತಿಲ್ಲ, ಸಂಜೆಯಾದರೆ ಜನ ಬಟ್ಟೆಬರೆಯನ್ನು ಚೀಲಕ್ಕೆ ತುಂಬಿಕೊಂಡು ರೈನ್ ನದಿಯಲ್ಲಿ ತೇಲಿಕೊಂಡೇ ಮನೆಗೆ ಹೋಗುತ್ತಾರೆ ಎಂದು ನೀನು ಫೋನಿನಲ್ಲಿ ಹೇಳಿದ್ದೆ. ನೀನೂ ಹಾಗೆ ಹೋಗುತ್ತೀಯೋ ಏನೋ. ಉಂಡ ಕೂಡಲೇ ನೀರಿಗೆ ಇಳಿಯಬೇಡ. ನಗಬೇಡ, ಹೆತ್ತವಳು ಇದನ್ನು ಹೇಳದೆ ಬೇರೆ ಯಾರು ಹೇಳುತ್ತಾರೆ. ನಾನು ಗಟ್ಟಿಯಾಗಿದ್ದೇನೆ. ಕಿಟಕಿಯ ಜೆರೇನಿಯಂ ಹೂವು ಈ ಸಲ ಬೀದಿಯವರೆಲ್ಲ ನಿಂತು ನೋಡುವ ಹಾಗೆ ಬಿಟ್ಟಿದೆ. ನಿಮ್ಮಪ್ಪನ ವಿಷಯವನ್ನು ಫೋನಿನಲ್ಲಿ ಹೇಳಲು ಆಗುವುದಿಲ್ಲ. ಅವರು ಪಕ್ಕದಲ್ಲೇ ಕೂತಿರುತ್ತಾರೆ. ಈಗ ಹಿತ್ತಲಲ್ಲಿ ಕಾರು ತೊಳೆಯುತ್ತಿದ್ದಾರೆ. ಬೆಳಿಗ್ಗೆಯೂ ತೊಳೆದಿದ್ದರು.

ಹೋದ ತಿಂಗಳ ತಪಾಸಣೆಯಲ್ಲಿ ಡಾಕ್ಟರು, ಈ ಬೇಸಿಗೆ ಮುಗಿಯುವುದರೊಳಗೆ ವಾಹನದ ಲೈಸೆನ್ಸ್ ವಾಪಸ್ ಕೊಡಬೇಕು, ಮರೆವು ಹೆಚ್ಚಾಗುತ್ತಿದೆ ಎಂದರು. ಅಪ್ಪ ಮನೆಗೆ ಬಂದು ಬೂಟು ಬಿಚ್ಚುತ್ತಾ, “ಒಂದೇ ಒಂದು ಸಲ ಸರೋವರಗಳ ಸುತ್ತು ಹೋಗಿಬರೋಣ ಕಣೇ ಉರ್ಸಿನಾ. ಆಮೇಲೆ ಕೀಲಿ ನಿನ್ನ ಕೈಗೆ” ಎಂದರು. ಜೀವಮಾನವೆಲ್ಲ ಈ ಬೆಟ್ಟಗಳಲ್ಲಿ ಹಳದಿ ಅಂಚೆ ಬಸ್ಸು ಓಡಿಸಿದ ಮನುಷ್ಯನಿಗೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಗಾಗಿ ಕಳೆದ ಭಾನುವಾರ ಹೊರಟೆವು. ಜೂಲಿಯರ್ ಘಟ್ಟ ಹತ್ತಿ ಆ ಕಡೆ ಇಳಿದು, ಆಲ್ಬುಲಾ ಬೆಟ್ಟದ ಮೇಲಿಂದ ವಾಪಸ್. ನೀನು ಚಿಕ್ಕವಳಿದ್ದಾಗ ಹೋಗುತ್ತಿದ್ದ ಅದೇ ದಾರಿ. ಒಣಮಾಂಸ, ಬಾರ್ಲಿ ರೊಟ್ಟಿ, ಅಕ್ರೋಟಿನ ಕಡುಬು ಕಟ್ಟಿಕೊಂಡೆ. ಪ್ರತಿ ಸರೋವರದಲ್ಲೂ ಕಾಲು ಅದ್ದಬೇಕು, ಯಾರ ಬೆರಳು ಮೊದಲು ನೀಲಿಯಾಗುತ್ತದೋ ಅವರು ಸೋತಂತೆ ಎಂದು ನೀನು ಮಾಡಿದ ಕಾನೂನು ನೆನಪಿದೆಯೇ? ನಾನು ಈಗಲೂ ಸೋಲುತ್ತೇನೆ.

ಮೊದಲ ಸರೋವರ ಮಾರ್ಮೊರೇರಾ. ಅಲ್ಲಿಯ ಬಸ್ ನಿಲ್ದಾಣದಲ್ಲಿ ಅಪ್ಪ ಕಾರು ನಿಲ್ಲಿಸಿ, ಹಿಂದಿನ ಖಾಲಿ ಸೀಟಿನ ಕಡೆ ಕತ್ತು ತಿರುಗಿಸಿ, “ಮಾರ್ಮೊರೇರಾ! ಇಳಿಯೋರು ಬೇಗ ಇಳೀರಿ!” ಎಂದು ಕೂಗಿದರು. ತಮಾಷೆ ಮಾಡುತ್ತಿದ್ದಾರೆಂದು ನಕ್ಕೆ. “ಅಲ್ಲಿ ಯಾರೂ ಇಲ್ವಲ್ಲ” ಎಂದರೆ, “ಇದ್ದಾರೋ ಇಲ್ವೋ, ಕೇಳೋದು ನನ್ನ ಕೆಲಸ” ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ. ಆಮೇಲೆ ದಾರಿಯಲ್ಲಿ ಸಿಕ್ಕ ಒಂದು ನಿಲ್ದಾಣವನ್ನೂ ಬಿಡಲಿಲ್ಲ. ಸಿಲ್ವಾಪ್ಲಾನಾದಲ್ಲಿ ಒಬ್ಬ ಪ್ರವಾಸಿ ಅಜ್ಜಿ ಛತ್ರಿ ಸಮೇತ ನಿಜವಾಗಿಯೂ ಹತ್ತಿ ಕೂತುಬಿಟ್ಟಳು! “ನಿಮ್ಮೂರಿನ ಬಸ್ಸು ಇಷ್ಟು ಚಿಕ್ಕದಾ?” ಎಂದು ಕೇಳಿದಳು. “ಭಾನುವಾರ ಜನ ಕಡಿಮೆಯಮ್ಮ” ಎಂದರು ಇವರು. ಅವಳನ್ನು ಸಮೇದಾನ್‌ನಲ್ಲಿ ಇಳಿಸುವ ಹೊತ್ತಿಗೆ ನಮ್ಮ ಕಡುಬಿನಲ್ಲಿ ಅರ್ಧ ಅವಳ ಹೊಟ್ಟೆಯಲ್ಲಿತ್ತು. ನನಗೆ ನಗಲೂ ಆಗದು, ಅಳಲೂ ಆಗದು.

ಆಲ್ಬುಲಾ ಇಳಿಯುವಾಗ ಕಲ್ಲುಗೋಡೆಯ ಕಿರಿದಾದ ತಿರುವಿನಲ್ಲಿ ಹಳದಿ ಬಸ್ಸು ಎದುರಾಯಿತು. ಅಂಚೆ ಬಸ್ಸು ಬಂದರೆ ಸಣ್ಣ ಗಾಡಿಯವರು ಹಿಂದೆ ಸರಿಯಬೇಕು. ನೀನು ಮಾತು ಕಲಿಯುವ ಮೊದಲೇ ಅಪ್ಪ ನಿನಗೆ ಇದನ್ನು ಕಲಿಸಿದ್ದರು. ಅಂಥವರು ರಸ್ತೆಯ ಮಧ್ಯೆ ಕೈಕಟ್ಟಿ ಕೂತುಬಿಟ್ಟರು. “ಅವನೇ ಸರೀಲಿ. ನನ್ನ ಬಸ್ಸಿಗೆ ದಾರಿ ಬಿಡಬೇಕು ಅಂತ ಇವನಿಗೆ ಯಾರೂ ಹೇಳಿಕೊಟ್ಟಿಲ್ವಾ?” ಹಿಂದೆ ಗಾಡಿಗಳು ಸಾಲುಗಟ್ಟಿದವು, ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಅಷ್ಟರಲ್ಲಿ ಚಾಲಕ ಇಳಿದು ಬಂದ. ನೋಡಿದರೆ ನಮ್ಮ ಗಿಯೆರಿ! ಅವನಿಗೆ ಈ ತಿರುವುಗಳನ್ನು ಹತ್ತಲು ಕಲಿಸಿದವರೇ ಇವರು. ಗಿಯೆರಿ ಒಳಗೆ ಇಣುಕಿದ. ಒಮ್ಮೆ ಅಪ್ಪನ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಅರ್ಥವಾಯಿತು ಹುಡುಗನಿಗೆ. “ಏನ್ ಗುರುಗಳೇ, ನಿಮ್ಮ ಬಸ್ಸು ಒಗೆದಾಗ ಕುಗ್ಗಿಬಿಡ್ತಾ?” ಎಂದ. “ಮಾತು ಸಾಕು, ದಾರಿ ಬಿಡು. ನಂದು ತಡವಾಗ್ತಿದೆ” ಎಂದರು ಅಪ್ಪ. “ಆಯ್ತು ಗುರುಗಳೇ” ಎಂದವನೇ ಹೋಗಿ, ಜನ ತುಂಬಿದ ಅಷ್ಟು ದೊಡ್ಡ ಬಸ್ಸನ್ನು ಆ ತಿರುವಿನಲ್ಲಿ ಇಂಚಿಂಚಾಗಿ ಹಿಂದಕ್ಕೆ ತೆಗೆದುಕೊಂಡ. ಅಪ್ಪ ಚಾಲಕರ ಪದ್ಧತಿಯಂತೆ ಎರಡು ಬೆರಳೆತ್ತಿ ಮುಂದೆ ಸಾಗಿದರು. ಗಿಯೆರಿ ಮಾತ್ರ ಕೈ ಎತ್ತಲಿಲ್ಲ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ. ನಾನು ಕಿಟಕಿಯ ಆಚೆ ಮುಖ ತಿರುಗಿಸಿದೆ.

ಕೊನೆಯ ಸರೋವರ ಪಾಲ್ಪುವೋನ್ಯ. ಆ ಹೆಸರು ಬರೆಯುವಾಗ ನನ್ನ ಪೆನ್ನು ನಿಂತಿತು, ಓದುವಾಗ ನಿನ್ನ ಕಣ್ಣೂ ನಿಲ್ಲುತ್ತದೆ. ಮೂರು ವರ್ಷದ ಹಿಂದೆ ಅಲ್ಲೇ ಅಲ್ಲವೇ, “ಅಪ್ಪಾ, ತಪ್ಪು ಬದೀಲಿ ಹೋಗ್ತಿದ್ದೀರಿ. ಸಾಕು, ಇನ್ಮೇಲೆ ಅಮ್ಮ ಓಡಿಸ್ಲಿ” ಎಂದು ನೀನು ಹಿಂದಿನ ಸೀಟಿನಿಂದ ಅಂದದ್ದು. “ನನ್ನ ಗಾಡೀಲಿ ಚಾಲಕ ಒಬ್ಬನೇ. ಇಷ್ಟವಿಲ್ಲದೋರು ಇಳೀಬಹುದು” ಎಂದು ಇವರು ಅಂದದ್ದು. ನೀನು ಇಳಿದೆ. ಪ್ರೇಡಾದವರೆಗೆ ನಡೆದು ರೈಲು ಹತ್ತಿದೆ. ಅಂದಿನಿಂದ ಈ ಮನೆಯ ಹೊಸಿಲು ತುಳಿದಿಲ್ಲ. ನಿನ್ನ ಮಾತು ನಿಜವಾಗಿತ್ತು, ಅವರ ಕೋಪವೂ ಅವರ ಭಯವೇ ಆಗಿತ್ತು.

ಮೊನ್ನೆ ಭಾನುವಾರ ಅಪ್ಪ ಅದೇ ನಿಲ್ದಾಣದಲ್ಲಿ ನಿಲ್ಲಿಸಿದರು. ಇಳಿದು ಹೋಗಿ ಹಿಂದಿನ ಬಾಗಿಲು ತೆರೆದರು. ನೀರು ಹಸಿರಾಗಿತ್ತು, ಲಾರ್ಚ್ ಮರಗಳ ನೆರಳು ಉದ್ದವಾಗಿತ್ತು. ನಾನು ಕಾಲು ಅದ್ದಿ ಬಂದೆ. ಬಾಗಿಲು ತೆರೆದೇ ಇತ್ತು. “ಹೋಗೋಣ್ವಾ?” ಎಂದೆ. “ಹೇಗೆ ಹೋಗೋದು? ಇಲ್ಲಿ ಒಬ್ಬಳು ಇಳಿದಳಲ್ಲ. ಅವಳಿನ್ನೂ ಹತ್ತಿಲ್ಲ.” ನಿನಗೆ ಗೊತ್ತಲ್ಲ, ಬೆಟ್ಟದಲ್ಲಿ ಇಳಿಸಿದವರನ್ನು ಹತ್ತಿಸಿಕೊಳ್ಳದೆ ಕೊನೆಯ ಬಸ್ಸಿನ ಚಾಲಕ ಹೊರಡುವುದಿಲ್ಲ. ಯಾರು ಅವಳು ಎಂದು ಮೆಲ್ಲಗೆ ಕೇಳಿದೆ. ಹೆಸರು ಬರಲಿಲ್ಲ ಸೆರೈನಾ. ತುಟಿ ಅಲುಗಾಡಿತು, ಹೆಸರು ಬರಲಿಲ್ಲ. “ಹಸಿರು ಜಾಕೆಟ್ಟು” ಎಂದರು. “ಸಿಟ್ಟು ಮಾಡ್ಕೊಂಡು ಇಳಿದಳು. ಬೆಟ್ಟದಲ್ಲಿ ಚಳಿ ಬೇಗ ಬರುತ್ತೆ ಅಂತ ಹೇಳೋಕೂ ಮರೆತೆ.”

ಬಿಸಿಲು ಬೆಟ್ಟದ ಆಚೆ ಸರಿಯುವವರೆಗೂ ನಿಂತೆವು. ಮೇಲಿನಿಂದ ಗಿಯೆರಿಯ ಬಸ್ಸು ವಾಪಸ್ ಬಂದು ನಮ್ಮ ಹಿಂದೆ ನಿಂತಿತು. ಹಾರನ್ ಮಾಡಲಿಲ್ಲ. ಕೊನೆಗೆ ಅಪ್ಪ ಕೈ ಉಜ್ಜಿಕೊಳ್ಳುತ್ತಾ ನನ್ನ ಕಡೆ ತಿರುಗಿ, “ಚಳಿ ಶುರುವಾಯ್ತಲ್ಲ, ನಾವ್ಯಾಕೆ ಇಲ್ಲಿ ನಿಂತಿದ್ದೀವಿ?” ಎಂದು ಕೇಳಿದರು. ನಾನು ಕೈ ಚಾಚಿದೆ. ಕೀಲಿ ಕೊಟ್ಟರು. ಬೆಟ್ಟದ ರಸ್ತೆಯಲ್ಲಿ ಎಂದೂ ಓಡಿಸದವಳು ಓಡಿಸಿದೆ. ಗಿಯೆರಿ ಊರು ಮುಟ್ಟುವವರೆಗೆ ಬಸ್ಸಿನ ದೀಪ ಹಾಕಿಕೊಂಡು ನನ್ನ ಹಿಂದೆಯೇ ನಿಧಾನವಾಗಿ ಬಂದ. ಅಪ್ಪ ದಾರಿಯುದ್ದಕ್ಕೂ ಹಿಂದಿನ ಸೀಟು ನೋಡುತ್ತಿದ್ದರು.

ಇಷ್ಟೇ ಮಗಳೇ. ಮೈ ನೋಡಿಕೋ. ಆ ಮೊಣಕಾಲಿಗೆ ಆರ್ನಿಕಾ ಎಣ್ಣೆ ಹಚ್ಚು, ಬಾಟಲಿ ಕಳಿಸುತ್ತೇನೆ. ನಿನಗೆ ಒಳ್ಳೆಯದಾಗಲಿ, ನಿನ್ನ ನಿದ್ದೆ ಚೆನ್ನಾಗಿರಲಿ.

ನಿನ್ನನ್ನು ದಿನವೂ ನೆನೆಯುವ,
ಅಮ್ಮ

ತಾ.ಕ.: ಅಂಚೆಯವಳು ಬಂದಳು, ಬೇಗ ಬರೆಯುತ್ತಿದ್ದೇನೆ. ಹಿಮ ಬಿದ್ದರೆ ಆಲ್ಬುಲಾ ರಸ್ತೆ ಮುಚ್ಚುತ್ತಾರೆ, ವಸಂತದವರೆಗೆ ಅಪ್ಪನಲ್ಲಿ ಇಷ್ಟು ನೆನಪಾದರೂ ಉಳಿದಿರುತ್ತದೋ ಇಲ್ಲವೋ. ಬರುವುದಾದರೆ ಮನೆಗೆ ಬರಬೇಡ. ಇಲ್ಲಿ ನಿನ್ನನ್ನು ಯಾರೋ ನೆಂಟರೆಂದು ಕುರ್ಚಿ ಕೊಟ್ಟು ಕೂರಿಸುತ್ತಾರೆ. ಪ್ರೇಡಾದಲ್ಲಿ ಇಳಿದು, ಅಂದು ನಡೆದ ದಾರಿಯಲ್ಲೇ ನಡೆದು ಬಂದು, ಸರೋವರದ ನಿಲ್ದಾಣದಲ್ಲಿ ನಿಂತಿರು. ಮುಂದಿನ ಭಾನುವಾರ ಸಂಜೆ ನಾನು ಓಡಿಸಿಕೊಂಡು ಬರುತ್ತೇನೆ. ಹಸಿರು ಜಾಕೆಟ್ಟು ಹಾಕಿಕೋ. ಅವರು ಇಳಿದು ಬಾಗಿಲು ತೆಗೆಯುವವರೆಗೂ ಕಾಯಿ. ಏನೂ ಹೇಳಬೇಡ, ಏನೂ ಕೇಳಬೇಡ. ಹತ್ತಿ ಕೂತುಬಿಡು.