ಮೂರನೆಯ ಕುರ್ಚಿ

ಜೂನ್ 9, ಸೋಮವಾರ, ಬೆಳಿಗ್ಗೆ

ಮತ್ತೆ ಫೋನ್. ಇಂಟರ್‌ವ್ಯೂ ಇವತ್ತಲ್ಲ, ನಾಳೆಯಂತೆ. ಡ್ರೆಸ್ ಇಸ್ತ್ರಿ ಮಾಡಿ ಆಗಿತ್ತು. ಹೋದ ವಾರ ಇದೇ ಕಂಪನಿಯವರು ಐರೋಲಿಗೆ ಕರೆದಿದ್ದರು. ಹೋದರೆ, ಆ ಆಫೀಸು ಮಹಾಪೆಗೆ ಹೋಗಿ ವರ್ಷವಾಯಿತು ಎಂದ ವಾಚ್‌ಮನ್. ಕರೆದವರಿಗೇ ತಮ್ಮ ಆಫೀಸು ಎಲ್ಲಿದೆ ಎಂದು ಗೊತ್ತಿಲ್ಲ!

ದುಡಿಯುವವರ ಸಮಯ ಕದಿಯುವುದೂ ಕಳ್ಳತನವೇ — ಡೊಂಬಿವಲಿ ಸ್ಟೇಷನ್ ಹೊರಗೆ ಹಂಚಿದ ಕರಪತ್ರ. ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೆ. ಅವ್ವ ಅದಕ್ಕೇ ಹಿಟ್ಟಿನ ಕೈ ಒರೆಸಿದಳು.

"ಭಾಷಣ ಕಲಸಿ ರೊಟ್ಟಿ ಬಡ್ಯಾಕ ಬರಂಗಿಲ್ಲ, ಬಾಗಿ."

ಭಿವಂಡಿಯಲ್ಲಿ ಅಪ್ಪನ ಪವರ್‌ಲೂಮ್ ಮುಚ್ಚಿದ ಮೇಲೆ ಅಣ್ಣ ಶಿವರಾಜನ ಸಂಬಳವೊಂದೇ. ತನ್ನ ಗೋಡೌನ್ ಸೇಠನ ಹತ್ತಿರ ನನಗೊಂದು ಜಾಗ ಕೇಳಿಟ್ಟಿದ್ದಾನೆ. ವಶೀಲಿ ಕೆಲಸ ಬೇಡ ಎಂದೆ. ಇಪ್ಪತ್ತನೇ ತಾರೀಖಿನೊಳಗೆ ಹೇಳು ಎಂದ. "ಬಾದ್ ಮೇಂ ಸೇಠ್ ರುಕೇಗಾ ನಹೀಂ." ಆಮೇಲೆ ಸೇಠ ಕಾಯುವುದಿಲ್ಲವಂತೆ.

ಜೂನ್ 10, ಮಂಗಳವಾರ, ಸಂಜೆ

ಆದದ್ದನ್ನು ಬರೆದಾದರೂ ನೋಡುತ್ತೇನೆ.

ಇದ್ದ ಕೆಲಸ ಒಂದು — ಲಾರಿಗಳ ಓಡಾಟ ನೋಡಿಕೊಳ್ಳುವುದು. ಬಂದವರು ಹತ್ತಿಪ್ಪತ್ತು ಜನ. ಕುರ್ಚಿ ಐದು. ಎಚ್.ಆರ್. ಮನೀಶ ಹೆಸರುಗಳ ಲಿಸ್ಟ್ ಎಲ್ಲೋ ಬಿಟ್ಟುಬಂದಿದ್ದ. ಮೊದಲು ಕೂತವರ ಬಯೋಡೇಟಾಗಳನ್ನು ಕುರ್ಚಿಯ ಕ್ರಮದಲ್ಲೇ ಜೋಡಿಸಿ ಒಳಗೊಯ್ದ. ನನ್ನದು ಮೂರನೆಯ ಕುರ್ಚಿ.

ಕಾದೆವು... ಕಾದೆವು. ಎದುರಿನ ಗೋಡೆಗೆ ಒರಗಿದ್ದ ಹುಡುಗಿ ಕಾಲು ಬದಲಿಸುತ್ತಿದ್ದಳು. ಸ್ನೇಹಲ್, ಕಲ್ಯಾಣದವಳು. ಕಲ್ಯಾಣದಿಂದ ಕೂತು ಬಂದವರು ಠಾಣೆ ದಾಟಿದ ಮೇಲೆ ಎದ್ದು, ನಿಂತವರಿಗೆ ಸೀಟು ಬಿಡುವುದು ನಮ್ಮ ಲೋಕಲ್ ರೈಲಿನ ಲೇಡೀಸ್ ಡಬ್ಬದ ರೂಢಿ. ಯಾರೂ ಕೇಳಬೇಕಿಲ್ಲ. ಎದ್ದೆ. ಅವಳನ್ನು ಕೂರಿಸಿ ನೀರು ಕುಡಿಯಲು ಹೋದೆ.

ಬಂದು ನೋಡಿದರೆ ಕುರ್ಚಿ ಖಾಲಿ.

ಮೂರನೇ ನಂಬರ್ ಎಂದು ಕರೆದು ಅವಳನ್ನೇ ಒಳಗೆ ಕೂರಿಸಿಕೊಂಡಿದ್ದರು. ಹೊರಗೆ ಬಂದ ಮೇಲೆ ಅವಳೇ ತಿಳಿಸಿದಳು — ತನ್ನ ಹೆಸರು ಹೇಳಿದಳಂತೆ. ಯಾರೂ ತಲೆಯೆತ್ತಲಿಲ್ಲವಂತೆ. ಲಾರಿ ತಡವಾಗಿ ಗಿರಾಕಿ ಬೈದರೆ ಏನು ಹೇಳುತ್ತೀ ಎಂದಷ್ಟೇ ಕೇಳಿದರಂತೆ. ಅವರ ಮುಂದೆ ಇದ್ದದ್ದು ನನ್ನ ಬಯೋಡೇಟಾ.

ಮನೀಶನನ್ನು ಬಾಗಿಲಲ್ಲೇ ತಡೆದೆ. ಟಿಕ್ ಹಾಕಿದ ಹಾಳೆ ತೋರಿಸಿದ.

"ಭಾಗೀರಥಿ ನಾ? ಆಪ್ ಕಾ ಹೋ ಗಯಾ, ಮ್ಯಾಡಮ್." ನನ್ನದು ಮುಗಿಯಿತಂತೆ.

ಒಳಗೆ ಹೋದವಳು ನಾನಲ್ಲ ಎಂದೆ. ಅವನಿಗೆ ಫೋನ್ ಬಂತು. ಸ್ನೇಹಲ್ ತನ್ನ ಬಯೋಡೇಟಾ ಚಾಚಿದಳು. ಮೇಲ್ ಮಾಡಿ ಎಂದು ಬಾಗಿಲು ಹಾಕಿಕೊಂಡ.

ಡೊಂಬಿವಲಿಯವರೆಗೆ ಒಟ್ಟಿಗೆ ಬಂದೆವು. ಅಪ್ಪ ಇಲ್ಲವಂತೆ ಅವಳಿಗೆ. ಮನೆಯಲ್ಲಿ ದುಡಿಯಬೇಕಾದವಳು ಅವಳೊಬ್ಬಳೇ. ನಂಬರ್ ಕೊಟ್ಟಳು.

"ತುಝಾ ಇಂಟರ್‌ವ್ಯೂ ಛಾನ್ ಝಾಲಾ ಗ," ಎಂದಳು. ನಿನ್ನ ಇಂಟರ್‌ವ್ಯೂ ಚೆನ್ನಾಗಾಯಿತು ಕಣೇ.

ಅವಳು ನಕ್ಕಳು. ನನಗೆ ಆಗಲಿಲ್ಲ.

ಜೂನ್ 13

ಮೇಲ್ ಮಾಡಿದೆ. ಮತ್ತೆ ಮಾಡಿದೆ. ಸ್ನೇಹಲ್ ಕೂಡ ಮಾಡಿದ್ದಾಳೆ. ಉತ್ತರವಿಲ್ಲ. ಆಫೀಸಿನ ಫೋನ್ ಎತ್ತಿದವನು, ಮನೀಶ ಯಾರು ಎಂದು ನನ್ನನ್ನೇ ಕೇಳಿದ.

ಜೂನ್ 19, ಗುರುವಾರ

ಸೇಠನ ಕೆಲಸ ಬೇಡ ಎಂದು ಅಣ್ಣನಿಗೆ ಹೇಳಿದೆ. ತಟ್ಟೆ ಬಿಟ್ಟು ಎದ್ದ. ಅಪ್ಪ ಎರಡನೇ ಸಲ ಅನ್ನ ಬೇಡವೆಂದು ಕೈ ತೊಳೆದ. ಬೈದಿದ್ದರೆ ಚೆನ್ನಾಗಿತ್ತು. ತಪ್ಪು ಮಾಡಿದೆನೆ?

ಜೂನ್ 20, ಶುಕ್ರವಾರ, ಮಧ್ಯಾಹ್ನ

ಮೇಲ್ ಬಂತು. ಭಾಗೀರಥಿ ಬಾಲಪ್ಪ — ಸೆಲೆಕ್ಟೆಡ್. ಇಂಟರ್‌ವ್ಯೂದಲ್ಲಿ ನೀವು ತೋರಿದ ತಾಳ್ಮೆ ಹಿಡಿಸಿತು ಎಂದಿದ್ದಾರೆ. ತಾಳ್ಮೆ. ನನ್ನದಂತೆ!

ಪೂರ್ತಿ ಓದುವ ಮೊದಲೇ ಅವ್ವ ಹೆಗಲ ಮೇಲಿಂದ ಇಣುಕಿ ಹೆಸರು ನೋಡಿಬಿಟ್ಟಳು. ದೇವರ ಮುಂದೆ ಸಕ್ಕರೆ ಇಟ್ಟಳು. ಆಮೇಲೆ ಸೆರಗಿನಿಂದ ಕರಪತ್ರದ ಹಿಟ್ಟು ಒರೆಸಿದಳು. "ನಿನ್ನ ಹಟಾನೇ ಖರೆ ಆತು ನೋಡವ್ವಾ." ಅಣ್ಣ ಪೇಡೆ ತರುತ್ತಾನಂತೆ.

ಸಂಜೆಯೊಳಗೆ ಒಪ್ಪಿಗೆ ಕಳಿಸಬೇಕು.

ವಶೀಲಿ ಬೇಡ ಎಂದವಳು ನಾನು. ವಶೀಲಿಯಲ್ಲಿ ನನ್ನ ಪರವಾಗಿ ಅಣ್ಣ ಮಾತಾಡುತ್ತಿದ್ದ. ಇಲ್ಲಿ ನನ್ನ ಪರವಾಗಿ ಮಾತಾಡಿದವಳು ಕೆಲಸ ಬೇಕಿದ್ದ ಇನ್ನೊಬ್ಬಳು. ಆದರೆ ನಿಜ ಹೇಳಿದರೆ ಈ ಮಂದಿ ಅವಳನ್ನು ಕರೆಯುತ್ತಾರೆಯೇ? ಇಬ್ಬರನ್ನೂ ಬಿಟ್ಟು ನಾಲ್ಕನೆಯ ಕುರ್ಚಿಯವಳನ್ನು ಕರೆದಾರು. ಸೇಠನ ಕೆಲಸವೂ ಹೋಯಿತು. ಅಪ್ಪ ಇವತ್ತು ಎರಡನೇ ಸಲ ಅನ್ನ ಹಾಕಿಸಿಕೊಂಡ...

ಅದೇ ದಿನ, ಸಂಜೆ

ಸ್ನೇಹಲ್‌ಗೆ ಫೋನ್ ಹಚ್ಚಿದ್ದೇನೆ. ಒಪ್ಪಿಗೆ ಇನ್ನೂ ಕಳಿಸಿಲ್ಲ. ಸ್ಪೀಕರ್ ಮೇಲಿಟ್ಟು ಬರೆಯುತ್ತಿದ್ದೇನೆ; ಕೈ ಸುಮ್ಮನಿರುತ್ತಿಲ್ಲ. ರಿಂಗ್ ಆಗುತ್ತಿದೆ.

ಎತ್ತಿದಳು. ಹಿಂದೆ ಲೋಕಲ್ ಸದ್ದು.

"ಬೋಲ್ ಗ, ಬಾಗಿ. ಆಜ್ ಸೀಟ್ ಮಿಳಾಲಿ." ಇವತ್ತು ಸೀಟು ಸಿಕ್ಕಿದೆ, ಆರಾಮಾಗಿ ಮಾತಾಡು ಎನ್ನುತ್ತಿದ್ದಾಳೆ.

"ಸ್ನೇಹಲ್, ಆ ಆಫೀಸಿನಿಂದ ಮೇಲ್ —"