ಮುಂದಿನ ಸೀಟಿನಲ್ಲಿ ಈರುಳ್ಳಿ ಚೀಲ

ಶಾಲೆಗಳಿಗೆ ರಜೆ ಬಿಟ್ಟ ಎರಡನೆಯ ವಾರ
ಗುರುವಾರ, ಮಧ್ಯಾಹ್ನ

ನನ್ನ ಮೊಂಡಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರಬೇಕು, ಇಲ್ಲದಿದ್ದರೆ ನರ್ಸ್ ಆಗಿ ಏನು ಬಂತು? ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು, ಸಿಟ್ಟು ಮಾಡಿಕೊಳ್ಳಬೇಡ. ಕನ್ನಡಕದ ಕಡ್ಡಿ ಮುರಿದಿತ್ತು. ನಿನ್ನ ಅಣ್ಣ “ನಾಳೆ ಸರಿ ಮಾಡಿಸ್ತೀನಮ್ಮ” ಅಂದ. ಅವನ ನಾಳೆಯನ್ನು ನಂಬಿಕೊಂಡಿದ್ದರೆ ಈ ಕಾಗದ ಮುಂದಿನ ವರ್ಷ ನಿನ್ನ ಕೈ ಸೇರುತ್ತಿತ್ತು. ಕೊನೆಗೆ ನಾನೇ ದಾರ ಸುತ್ತಿಕೊಂಡೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಾನು “ಹೇಗಿದ್ದೀಯೇ” ಅನ್ನುವಷ್ಟರಲ್ಲಿ ಹಿಂದಿನಿಂದ ಯಾರೋ “ಸಿಸ್ಟರ್” ಅಂತ ಕೂಗುತ್ತಾರೆ, ನೀನು “ಆಮೇಲೆ ಮಾಡ್ತೀನಮ್ಮ” ಅಂತ ಇಟ್ಟುಬಿಡುತ್ತೀಯ. ಕಾಗದಕ್ಕಾದರೆ ನಡುವೆ ಬಾಯಿ ಹಾಕುವವರಿಲ್ಲ. ಅಕ್ಷರ ನೋಡಿ ಮಾತ್ರ ನಗಬೇಡ. ನಮ್ಮೂರ ಮೇಷ್ಟ್ರು ಪಾಠ ಹೇಳಿದ್ದಕ್ಕಿಂತ ನಮ್ಮ ಕೈಯಲ್ಲಿ ಅವರ ಎಮ್ಮೆ ತೊಳೆಸಿದ್ದೇ ಹೆಚ್ಚು.

ಮನೆಯಲ್ಲಿ ಈಗ ನಾನೊಬ್ಬಳೇ. ಅಣ್ಣ, ಅತ್ತಿಗೆ, ಅವರ ಮಗಳು ಪಟಾಕಿ, ಮೂವರೂ ಭಾನುವಾರ ಬೆಳಿಗ್ಗೆ ಅಣ್ಣ ಓಡಿಸುವ ಶಾಲೆಯ ವ್ಯಾನು ಹತ್ತಿಕೊಂಡು ಹೊಳೆ ದಡಕ್ಕೆ ಹೋಗಿದ್ದಾರೆ. ಡೇರೆ ಹಾಕಿಕೊಂಡು ಒಂದು ವಾರ ಅಲ್ಲೇ ಇರುತ್ತಾರಂತೆ. ಇಲ್ಲಿ ಫ್ರಿಜ್ ಗುಂಯ್ ಅನ್ನುವುದು, ನಾನು ಅದಕ್ಕೆ “ಸಾಕು ಸುಮ್ಮನಿರು” ಅನ್ನುವುದು, ಇಷ್ಟೇ ಮಾತುಕತೆ.

ಡೇರೆಯ ಉಪಾಯ ಯಾರದು ಅಂತ ಕೇಳು. ನನ್ನದೇ. ಅತ್ತಿಗೆಗೆ ಬೆಟ್ಟದ ಮೇಲಿನ ಹೋಟೆಲಿನ ಹುಚ್ಚು ಹಿಡಿದಿತ್ತು. ಅಪ್ಪ ಮಗಳು ಇಬ್ಬರೂ ಫೋನಿನಲ್ಲಿ ರೂಮುಗಳ ಚಿತ್ರ ನೋಡಿ ನೋಡಿ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಶಾಲೆ ಮುಚ್ಚಿದರೆ ವ್ಯಾನಿಗೂ ರಜೆ, ವ್ಯಾನಿಗೆ ರಜೆಯಾದರೆ ನಿನ್ನ ಅಣ್ಣನ ಜೇಬಿಗೂ ರಜೆ. ನನಗೆ ನೋಡಲಾಗಲಿಲ್ಲ.

“ದುಡ್ಡು ಕೊಟ್ಟು ನಾಲ್ಕು ಗೋಡೆ ನೋಡೋಕೆ ಅಷ್ಟು ದೂರ ಹೋಗಬೇಕೇನೋ? ಗೋಡೆ ಇಲ್ಲೇ ಇವೆ, ಬೇಕಾದಷ್ಟು ನೋಡ್ಕೋ” ಅಂದೆ. “ವ್ಯಾನ್ ಇದೆ. ನಿನ್ನ ಹೆಂಡತಿ ಕೈಯಲ್ಲಿ ಹೊಲಿಗೆ ಇದೆ. ಹೊಳೆ ಪಕ್ಕ ಡೇರೆ ಹೊಡೀರಿ. ಆಕಾಶಕ್ಕೆ ಇನ್ನೂ ಯಾರೂ ಬಾಡಿಗೆ ಕೇಳ್ತಿಲ್ಲ.”

“ಅಜ್ಜಿ, ಹಾವು ಬಂದ್ರೆ?” ಅಂದಳು ಪಟಾಕಿ.

“ನಿನ್ನ ಬಾಯಿ ಕೇಳಿ ಅದೇ ಓಡಿಹೋಗತ್ತೆ ಬಿಡು.”

ಅತ್ತಿಗೆ ತಾನು ಕೆಲಸ ಮಾಡುವ ಟೈಲರ್ ಅಂಗಡಿಯವರು ಬಿಚ್ಚಿ ಹಾಕಿದ್ದ ಹಳೆಯ ಪರದೆಯ ದಪ್ಪ ಬಟ್ಟೆ ತಂದಳು. ಅವಳು ಮಿಷನ್ನಿನಲ್ಲಿ ಹೊಲಿದಳು, ಅಂಚನ್ನೆಲ್ಲ ನಾನು ಗೋಣಿಸೂಜಿಯಲ್ಲಿ ಹೊಲಿದೆ. ಬೆರಳೆಲ್ಲ ತೂತು. ಒಂದು ಸಂಜೆ ಮಹಡಿಯ ಮೇಲೆ ಕಟ್ಟಿ ನೋಡಿದರು. ಹಗ್ಗದ ಒಂದು ತುದಿ ನೀರಿನ ಟ್ಯಾಂಕಿಗೆ, ಇನ್ನೊಂದು ಮೆಟ್ಟಿಲ ಕಂಬಿಗೆ. ಕೆಳಗಿನ ಮನೆಯ ಓನರ್ ಹತ್ತಿ ಬಂದು, “ಏನು, ಮದುವೆನಾ? ನನ್ನ ಕರೀಲೇ ಇಲ್ಲ” ಅಂದರು. “ನಿಮ್ಮದೇ ಎರಡನೇ ಮದುವೆ, ಹುಡುಗಿ ಹುಡುಕ್ತಾ ಇದ್ದೀವಿ” ಅಂದೆ. ಆ ಮನುಷ್ಯ ಇಳಿದುಹೋಗುವಾಗಲೂ ನಗುತ್ತಿದ್ದರು.

ಮಾರನೆಯ ದಿನ ಎಲ್ಲರೂ ಹೊರಗೆ ಹೋದ ಮೇಲೆ ನಾನೊಬ್ಬಳೇ ಮೇಲೆ ಹತ್ತಿ ಡೇರೆಯೊಳಗೆ ಮಲಗಿ ನೋಡಿದೆ. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಬಿಸಿಲು ಬಟ್ಟೆಯೊಳಗಿಂದ ಸೋಸಿ ಬಂದು ನನ್ನ ಕೈ ಎಲ್ಲ ಕೇಸರಿ ಬಣ್ಣ. ಗಾಳಿ ಬಂದಾಗ ಬಟ್ಟೆ ಉಸಿರಾಡುತ್ತಿತ್ತು. ನಾನು ಚಿಕ್ಕವಳಿದ್ದಾಗ ಹೊಲ ಕಾಯುವ ಅಟ್ಟಣೆಯ ಮೇಲೆ ಮಲಗುತ್ತಿದ್ದೆನಲ್ಲ, ಅಂಥ ನಿದ್ದೆ ಬಂತು. ಎದ್ದಾಗ ಮಂಡಿ ಹಿಡಿದುಕೊಂಡಿತ್ತು ನಿಜ. ಟ್ಯಾಂಕಿನ ಪೈಪು ಹಿಡಿದುಕೊಂಡು ಎದ್ದೆ. ಹೊಳೆ ದಡದಲ್ಲಿ ಪೈಪು ಇರುವುದಿಲ್ಲ, ಮರ ಇರುತ್ತದೆ ಅಂತ ಲೆಕ್ಕ ಹಾಕಿಕೊಂಡೆ.

ಅಂದೇ ಊಟಕ್ಕೆ ಕೂತಾಗ ನಿನ್ನ ಅಣ್ಣ ಕೇಳಿದ, “ಅಮ್ಮ, ನೀನೂ ಬರ್ತೀಯಲ್ಲ?”

ಕೇಳಿದ ತಕ್ಷಣ ಹೂಂ ಅನ್ನುವುದಕ್ಕೆ ನಾನೇನು ಆಸೆಬುರುಕಿಯೇ? “ನನಗೇನು ಗ್ರಹಚಾರ, ಈ ವಯಸ್ಸಲ್ಲಿ ಕಲ್ಲಿನ ಮೇಲೆ ಹೊರಳಾಡೋಕೆ? ನೀವು ಹೋಗಿ. ಮನೆ ಕಾಯೋಕೆ ಯಾರಾದರೂ ಬೇಡ್ವಾ?” ಅಂದೆ. ಅನ್ನುತ್ತಲೇ ಅವನ ಬಾಯಿ ನೋಡುತ್ತಿದ್ದೆ. ನಾವು ಚಿಕ್ಕವರಿದ್ದಾಗ ನೆಂಟರ ಮನೆಯಲ್ಲಿ ತಟ್ಟೆಗೆ ಇನ್ನಷ್ಟು ಬಡಿಸಲು ಬಂದರೆ ಮೊದಲು ಬೇಡ ಅನ್ನಬೇಕಿತ್ತು. ಅವರು ಬಿಡುತ್ತಿರಲಿಲ್ಲ, ನಾವೂ ಬಿಡುತ್ತಿರಲಿಲ್ಲ, ಕೊನೆಗೆ ತಟ್ಟೆ ತುಂಬುತ್ತಿತ್ತು. ಇವನು, “ಸರಿ ಅಮ್ಮ, ನಿನಗೆ ಹೇಗೆ ಅನುಕೂಲವೋ ಹಾಗೆ” ಅಂತ ಮೊಸರು ಕಲಸಿಕೊಂಡ.

ಹೊರಡುವ ದಿನ ನಾನು ಎಲ್ಲರಿಗೂ ಬೈದೆ. ಸ್ಟವ್ ಪಾತ್ರೆಗಳ ಕೆಳಗೆ ಇಟ್ಟಿದ್ದಕ್ಕೆ ಅವನಿಗೆ, ಉಪ್ಪು ಮರೆತಿದ್ದಕ್ಕೆ ಅವಳಿಗೆ, ತಲೆ ಬಾಚದಿದ್ದಕ್ಕೆ ಪಟಾಕಿಗೆ. ಡೇರೆಯ ಗಳುಗಳನ್ನು ಹಿಡಿದುಕೊಂಡು ಅಮ್ಮ ಮಗಳು ಹಿಂದೆ ಕೂತರು. ಮುಂದಿನ ಸೀಟಿನ ಮೇಲೆ ಈರುಳ್ಳಿ ಚೀಲ ಕೂತಿತ್ತು. ಉರುಳದಿರಲಿ ಅಂತ ನಿನ್ನ ಅಣ್ಣ ಅದಕ್ಕೆ ಬೆಲ್ಟ್ ಬೇರೆ ಹಾಕಿದ. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಅದು ನೆಟ್ಟಗೆ ಕೂತು ರಸ್ತೆ ನೋಡುತ್ತಾ ಹೋಯಿತು. ನನಗಿಂತ ಒಳ್ಳೆಯ ಸೊಂಟ ಅದರದು.

ಅತ್ತಿಗೆಯನ್ನು ದೂರುತ್ತಿದ್ದೇನೆ ಅಂದುಕೊಳ್ಳಬೇಡ. ಅವಳು ಒಳ್ಳೆಯವಳು, ಅದೇ ತೊಂದರೆ. ಕೆಟ್ಟವಳಾಗಿದ್ದರೆ ದಿನಾ ಬೈದುಕೊಂಡು ಸುಖವಾಗಿರುತ್ತಿದ್ದೆ. ಹೋಗುವ ಮುಂಚೆ ನನಗೆ ಬೇಕಾದ ಮಾತ್ರೆಗಳನ್ನೆಲ್ಲ ಕೈಗೆ ಸಿಗುವಂತೆ ಇಟ್ಟಳು. ಗ್ಯಾಸಿನವನಿಗೆ ಹೇಳಿ ಹೋದಳು. ಗ್ಯಾಸಿನವನು ಬಂದಾಗ ಅವನನ್ನು ಕೂರಿಸಿ ಚಹಾ ಕೊಟ್ಟೆ. ಪಾಪ, “ಇನ್ನೂ ಬೀದಿ ತುಂಬ ಸಿಲಿಂಡರ್ ಇಳಿಸೋದಿದೆ ಅಜ್ಜಿ” ಅಂತ ಎದ್ದ. ಇನ್ನೊಂದು ಲೋಟ ಕೊಟ್ಟು ಕೂರಿಸಿದೆ.

ನಿನ್ನೆ ಸಂಜೆ ಅವರ ಫೋನು ಬಂತು. ಎಲ್ಲರಿಗೂ ಕೇಳುವ ಹಾಗೆ ಇಟ್ಟಿದ್ದರು. ಹಿಂದೆ ಹೊಳೆಯ ಸದ್ದು. ಪಟಾಕಿ ಮೀನು ಹಿಡಿದಳಂತೆ, ಅಳು ಬಂದು ಬಿಟ್ಟುಬಿಟ್ಟಳಂತೆ. ವ್ಯಾನಿನ ಟಯರು ಕೈಕೊಟ್ಟಿದೆ, ನಮ್ಮ ಬೀದಿಯ ಗ್ಯಾರೇಜಿನವನು ಬೆಳಿಗ್ಗೆ ಬೇರೆ ಟಯರು ತರುತ್ತಾನಂತೆ. “ಅವನ ಜೀಪಲ್ಲಿ ಜಾಗ ಇದೆ, ಬರ್ತೀಯಾ ಅಮ್ಮ?” ಅಂದ ನಿನ್ನ ಅಣ್ಣ.

ನನ್ನ ಬಾಯಿಗೆ ಬೆಂಕಿ ಬೀಳ. “ಗ್ಯಾರೇಜಿನವನ ಪಕ್ಕ ಕೂತು ಮೆರವಣಿಗೆ ಹೋಗ್ಲಾ? ಬೇರೆ ಕೆಲಸ ಇಲ್ವಾ ನನಗೆ?” ಅಂದೆ.

ಅತ್ತಿಗೆಯ ದನಿ ಕೇಳಿಸಿತು, ಮೆತ್ತಗೆ: “ಬಲವಂತ ಮಾಡಬೇಡ್ರೀ, ಅತ್ತೆಗೆ ಇಷ್ಟ ಇಲ್ಲ.”

ಅಷ್ಟಕ್ಕೆ ಮಾತು ಮುಗಿಯಿತು. ಇರಲಿ. ಭಾನುವಾರ ಬಂದೇ ಬರುತ್ತಾರೆ, ಬಟ್ಟೆಯ ರಾಶಿ ತರುತ್ತಾರೆ, ನನಗೂ ಬೈಯಲು ಜನ ಸಿಗುತ್ತಾರೆ.

ನಿನಗೆ ಕಾಲು ನೋವು ಬಾರದಿರಲಿ, ರಾತ್ರಿ ಪಾಳಿ ಕಡಿಮೆ ಬೀಳಲಿ. ನಿನ್ನ ರೋಗಿಗಳೆಲ್ಲ ಬೇಗ ವಾಸಿಯಾಗಿ ಅವರವರ ಮನೆಗೆ ಹೋಗಲಿ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು ನಿನ್ನನ್ನು ಹೆತ್ತ
ಬಾಯಿಬಡುಕಿ

ಮತ್ತೆ: ಕಾಗದ ಅಂಟಿಸಿದವಳು ಮತ್ತೆ ಬಿಚ್ಚಿದೆ. ಇವತ್ತು ಬೆಳಿಗ್ಗೆ ಗ್ಯಾರೇಜಿನವನ ಜೀಪು ಗೇಟಿನ ಹತ್ತಿರ ನಿಂತು ಹಾರನ್ ಹೊಡೆಯಿತು. ಅಷ್ಟರಲ್ಲಿ ನಾನು ಸ್ನಾನ ಮಾಡಿ, ಹೊರಗೆ ಹೋಗುವ ಬಟ್ಟೆ ಉಟ್ಟು, ಕೈಚೀಲ ತುಂಬಿ ಬಾಗಿಲ ಹಿಂದೆ ಇಟ್ಟುಕೊಂಡಿದ್ದೆ. ಅವನು, “ಅಜ್ಜಿ, ಅವರಿಗೆ ಏನಾದ್ರೂ ಕಳಿಸೋದಿದ್ಯಾ?” ಅಂತ ಕೇಳಿದ. ಪಟಾಕಿಯ ಸ್ವೆಟರ್ ಕೊಟ್ಟು ಕಳಿಸಿದೆ.

ನಿಮ್ಮಪ್ಪ ಬದುಕಿದ್ದಷ್ಟು ಕಾಲ ನನ್ನನ್ನು ಎಲ್ಲಿಗೂ “ಬರ್ತೀಯಾ” ಅಂತ ಕೇಳಿದವರಲ್ಲ. ನನ್ನ ಚಪ್ಪಲಿ ತಂದು ಕಾಲ ಮುಂದೆ ಇಟ್ಟು, ಬಾಗಿಲಲ್ಲಿ ಆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ನಾನು ಬೈಯುತ್ತಲೇ ಮೆಟ್ಟಿಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಎಲ್ಲರೂ ನನ್ನನ್ನು ಮರ್ಯಾದೆಯಿಂದ ಕೇಳುತ್ತಾರೆ.

ನಿನಗೆ ರಜೆ ಸಿಕ್ಕಾಗ ಬಾ. ಬಂದು ಏನೂ ಕೇಳಬೇಡ.